ಕಾಲಿಗೆ ಒಗ್ಗದ ಗಿಟಾರು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಕ್ಕ, ಅವಳ ನಡುವಯಸ್ಸಿನ ತಮ್ಮ. ಪೆಡಲ್ ಸ್ಟೀಲ್ ಗಿಟಾರು ಕೊಳ್ಳಲು ಹೊರಟಿದ್ದರು. ಮೇಜಿನಂತೆ ಕಾಲುಗಳ ಮೇಲೆ ನಿಲ್ಲುವ, ಕೂತು ಕಾಲಲ್ಲಿ ಪೆಡಲು ಒತ್ತುತ್ತಾ ನುಡಿಸುವ ಗಿಟಾರು ಅದು. ತಮ್ಮನಂತೂ ಮುಖ ಕಿವುಚಿಕೊಂಡೇ ಇದ್ದ.

“ನಿನ್ನೆ ನೋಡಿದ್ದಕ್ಕೆ ಏನಾಗಿತ್ತೋ?” ಅಕ್ಕ ಕೇಳಿದಳು.

“ಥೂ, ಪೆಡಲೆಲ್ಲ ಹಿಂದುಮುಂದು. ಒತ್ತಿದ್ರೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚುತ್ತೆ.”

“ಅಭ್ಯಾಸ ಮಾಡ್ಕೊ.”

“ನುಡಿಸೋದು ಬಿಟ್ಟು ಎಷ್ಟು ವರ್ಷ ಆಯ್ತು? ಕೈ ಎಲ್ಲಾ ಮರೆತಿದೆ. ಈ ಹಾಳು ಕಾಲು ಮಾತ್ರ ಹಳೇ ಪೆಡಲನ್ನೇ ಹುಡುಕುತ್ತೆ.”

“ಮೊನ್ನೇದು?”

“ಮುಟ್ಟಿದ್ರೆ ಅಂಟಂಟು. ಅಂಗಡಿಯವನು ಅದರ ಮೇಲೇ ತಟ್ಟೆ ಇಟ್ಕೊಂಡು ತಿಂತಿದ್ದ. ವಾದ್ಯಾನ ಮೇಜು ಮಾಡ್ಕೊಳ್ಳೋರನ್ನ ಕಂಡ್ರೆ ನನಗೆ ಮೈಯೆಲ್ಲಾ ಉರಿಯುತ್ತೆ.”

ಅಕ್ಕ ಕಿಟಕಿಯ ಕಡೆ ತಿರುಗಿದಳು.

“ನನ್ನ ಹಳೇದನ್ನ ಮಾರಿಬಿಡು ಅಂತ ನಿನಗೆ ಕೊಟ್ಟೆನಲ್ಲ. ಕೊಂಡೋರಾದ್ರೂ ಅದನ್ನ ಚೆನ್ನಾಗಿ ಇಟ್ಕೊಂಡಿರ್ಲಿ.”

“ಮಾರ್ಲಿಲ್ಲ ಕಣೋ. ಯಾರೂ ಕೇಳ್ಲೇ ಇಲ್ಲ.”

“ಮತ್ತೆಲ್ಲಿದೆ?”

“ನಮ್ಮನೇಲೇ. ಕಾಲಿಗೆ ಅಡ್ಡ ಬರುತ್ತೆ ಅಂತ ನಿಮ್ಮ ಭಾವ ಪೆಡಲು ಮಾತ್ರ ಬಿಚ್ಚಿ ಅಟ್ಟಕ್ಕೆ ಹಾಕಿದ್ರು. ಗಿಟಾರಿನ ಮೇಲೆ ಹಲಗೆ ಇಟ್ಟು ಕಂಬಳಿ ಹೊದಿಸಿದ್ವಿ.”

“ಕಂಬಳಿ ಯಾಕೆ?”

“ಬೆಳಿಗ್ಗೆ ನಮ್ಮನೇಲಿ ಈ ಶರ್ಟು ಯಾವುದರ ಮೇಲೆ ಇಸ್ತ್ರಿ ಮಾಡ್ಕೊಂಡೆ ನೀನು?”

ತಮ್ಮ ತನ್ನ ತೋಳಿನ ನೇರವಾದ ಇಸ್ತ್ರಿ ಗೆರೆಯನ್ನು, ಅದರ ಮೇಲೆ ಯಾರೋ ಉಗುಳಿದ್ದಾರೆ ಎಂಬಂತೆ ನೋಡಿದ. ಆಮೇಲೆ ಎದ್ದು ನಿಂತ.

“ಇಳಿ.”

“ಅಂಗಡಿ ಮುಂದಿನ ಸ್ಟಾಪು ಕಣೋ.”

“ಅಂಗಡಿ ಯಾರಿಗೆ ಬೇಕು? ನಿಮ್ಮನೇಲಿ ಏಣಿ ಇದೆ ತಾನೇ?”

ಇಬ್ಬರೂ ಇಳಿದು, ವಾಪಸು ಹೋಗುವ ಬಸ್ಸಿಗಾಗಿ ರಸ್ತೆ ದಾಟಿದರು. ಅವನು ಶರ್ಟಿನ ತೋಳನ್ನು ಮುದುಡಿ ಮುದುಡಿ ಮೇಲಕ್ಕೇರಿಸುತ್ತಿದ್ದ.