ದೂಜನ ಕೆಂಪು ದೀಪ

ಅಂಧೇರಿಯ ಕಾರ್ಖಾನೆಯಿಂದ ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಆಗ ಒಂದು ಹಾಳುಬಾವಿ ಇತ್ತು. ಐವತ್ತನಾಲ್ಕನೇ ಇಸವಿ. ನಮ್ಮ ಚಾಳಿನ ಪಕ್ಕದ ಖೋಲಿಯ ಶಿವಪುತ್ರಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಆ ದಾರಿ ಹಿಡಿದಿದ್ದ. ಒಬ್ಬನೇ… ಹೊಟ್ಟೆಯಲ್ಲಿ ಅನ್ನಕ್ಕಿಂತ ಕಿಚ್ಚೇ ಹೆಚ್ಚು.

ಕಿಚ್ಚು ದೂಜನ ಮೇಲೆ.

ಅವರದು ಪ್ಲಾಸ್ಟಿಕ್ ರೇನ್‌ಕೋಟು ಅಂಟಿಸುವ ಕಾರ್ಖಾನೆ. ಮಷೀನಿನ ಒಳಗೆ ಮೂರು ಸಾವಿರ ವೋಲ್ಟು. ಸ್ವಿಚ್ ಆರಿಸಿದರೂ ಕಂಡೆನ್ಸರಿನಲ್ಲಿ ಕರೆಂಟು ಅಡಗಿ ಕೂತಿರುತ್ತಿತ್ತು. ಹಿಂದಿನ ವರ್ಷ ಮಷೀನು ರಿಪೇರಿಯ ಮೋನಪ್ಪ ಅದನ್ನು ಮುಟ್ಟಿಯೇ ಸತ್ತ. ಅವನ ಜಾಗಕ್ಕೆ ಬಂದವನು ಉಡುಪಿ ಕಡೆಯ ದೂಜ. ಆರು ತಿಂಗಳೂ ತುಂಬಿರಲಿಲ್ಲ, ಮಷೀನಿಗೊಂದು ಕಡಲೆಕಾಳಿನಷ್ಟು ಕೆಂಪು ದೀಪ ಕೂಡಿಸಿದ. ಕರೆಂಟು ನೇರ ಕೊಟ್ಟರೆ ದೀಪವೂ ಉಳಿಯದು, ಮನುಷ್ಯನೂ ಉಳಿಯನು. ನಡುವೆ ಹತ್ತು ರೆಸಿಸ್ಟೆನ್ಸು ಸಾಲಾಗಿ ಬೆಸೆದ. ದೀಪದ ತನಕ ಬರುವಷ್ಟರಲ್ಲಿ ಕರೆಂಟಿನ ಸೊಕ್ಕು ಇಳಿದಿರಬೇಕು. ದೀಪ ಉರಿಯುತ್ತಿದ್ದರೆ ಒಳಗೆ ಕರೆಂಟಿದೆ; ಅದು ಆರುವ ತನಕ ಯಾರೂ ಮಷೀನಿನ ಬಾಗಿಲು ತೆಗೆಯಬಾರದು.

ಸಾಹೇಬರು ದೂಜನ ಬೆನ್ನು ತಟ್ಟಿದರು. ಒಂಬತ್ತು ವರ್ಷ ದುಡಿದ ಶಿವಪುತ್ರಪ್ಪನ ಕಡೆ ಕಣ್ಣೂ ಹಾಯಿಸಲಿಲ್ಲ. ಅದನ್ನಾದರೂ ನುಂಗಿಕೊಂಡ. ಆದರೆ ಹೆಂಡತಿ ರುದ್ರವ್ವ ರೊಟ್ಟಿ ಬಡಿಯುತ್ತ, "ಆ ದೂಜನ ಪುಣ್ಯಾ, ನನಗ ಈಗ ನಿದ್ದಿ ಹತ್ತತೈತಿ," ಅಂದುಬಿಟ್ಟಳು. ಶಿವಪುತ್ರಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಅವತ್ತಿನಿಂದ ಆ ದೀಪ ಕಂಡಾಗಲೆಲ್ಲ ದೂಜನೇ ಹಲ್ಲು ಕಿಸಿದಂತೆ.

ಆ ರಾತ್ರಿ ಶಿಫ್ಟ್ ಬದಲಾಗುವಾಗ ಮಷೀನು ನಿಂತಿತ್ತು. ಶಿವಪುತ್ರಪ್ಪ ದೀಪ ಆರುವ ತನಕ ಕಾದು, ಅದರ ಹಿಂದಿನ ತಂತಿ ಕತ್ತರಿಸಿಬಿಟ್ಟ. ದೀಪ ಹತ್ತದೆ ನೈಟ್ ಶಿಫ್ಟಿನವರ ಮುಂದೆ ದೂಜನ ಮಾನ ಹೋಗಬೇಕು… ಅಷ್ಟೇ.

ಬಾವಿ ಹತ್ತಿರ ಬಂದ. ಞುಂಯ್… ಞುಂಯ್… ಟ್ರಾನ್ಸ್‌ಫಾರ್ಮರಿನ ಸದ್ದು. ಅಲ್ಲಿ ಕಂಬವಿಲ್ಲ, ತಂತಿಯಿಲ್ಲ. ಕಟ್ಟೆಯ ಮೇಲೆ ಯಾರೋ ಕೂತಿದ್ದರು.

"ಶಿವಪುತ್ರಣ್ಣ… ಬೀಡಿ ಉಂಟಾ?"

ಕೊಟ್ಟ. ಕಡ್ಡಿ ಗೀರಿದ. ಚರ್… ಬೆಳಕಿಗೆ ಚಾಚಿದ ಕೈ ಕಂಡಿತು. ಮೊಣಕೈ ತನಕ ಸುಟ್ಟು ಕರಿ.

"ತಂತಿ ಕತ್ತರಿಸಿದಿರಲ್ಲ…" ಮೋನಪ್ಪನ ದನಿ. "ಅಲ್ಲಿ ದೂಜ ಬಾಗಿಲು ತೆಗೀತಾ ಇದ್ದಾನೆ."

ಶಿವಪುತ್ರಪ್ಪ ತಿರುಗಿ ಓಡಿದ. ಚಪ್ಪಲಿ ಎಲ್ಲಿ ಬಿತ್ತೋ, ಗೇಟು ಹೇಗೆ ದಾಟಿದನೋ. ಮತ್ತೆ ಚಾಲೂ ಮಾಡಿದ ಕೂಡಲೇ ಮಷೀನಿನ ಫ್ಯೂಸು ಹೋಗಿತ್ತು. ದೀಪ ಆರಿದೆಯೆಂದು ನಂಬಿ ದೂಜ ಒಳಗೆ ಕೈ ಚಾಚಿದ್ದ.

"ಮುಟ್ಟಬ್ಯಾಡೋ… ತಂತಿ ನಾನಾ ಕತ್ತರಿಸೀನಿ."

ಮೂಲೆಯಲ್ಲಿದ್ದ, ಉಳಿದ ಕರೆಂಟು ನೆಲಕ್ಕಿಳಿಸುವ ಅರ್ಥಿಂಗ್ ಕೋಲು ಎಳೆದು ಕಂಡೆನ್ಸರಿಗೆ ತಾಗಿಸಿದ. ಛಟೀರ್… ನೀಲಿ ಕಿಡಿ.

ದೂಜ ಹಿಂದೆ ಬಗ್ಗಿ ತಂತಿಯ ತುದಿ ನೋಡಿದ. ಆಮೇಲೆ ಬೆಸುಗೆ ಕಡ್ಡಿ ಕಾಯಿಸಿ ಇವನ ಕೈಗೇ ಕೊಟ್ಟ. "ನೀವೇ ಜೋಡಿಸಿ ಅಣ್ಣ."

ಶಿವಪುತ್ರಪ್ಪ ಜೋಡಿಸಿದ.

ಇದು ನಡೆದದ್ದೇ. ಗೇಟಿನ ವಾಚ್‌ಮನ್ ಕಾಶಪ್ಪನನ್ನು ನಾನೇ ಕೇಳಿದ್ದೇನೆ. ಶಿವಪುತ್ರಪ್ಪ ಹೊರಗೆ ಹೋದಾಗ ಅವನು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡಿದ್ದ. ಇವನು ಓಡಿ ಒಳಗೆ ಬಂದಾಗ ಆ ಚಹಾ ಇನ್ನೂ ತುಟಿ ಸುಡುತ್ತಿತ್ತು.

ಗೇಟಿನಿಂದ ಬಾವಿಗೆ… ಕಾಲು ಗಂಟೆ ದಾರಿ.