ಹಿಂಡಿ ತೋರಿಸದ ಶೂ

ಅಯ್ಯಯ್ಯೋ, ಕೊರೀತಿದೆ! ಐಸ್ ಸ್ವಲ್ಪ ಕಡಿಮೆ ಹಾಕಬಾರದಿತ್ತಾ ಅತ್ತೆ? ಹೂಂ, ಹೂಂ, ಇಟ್ಟೆ, ಬಕೆಟ್ಟಿಂದ ಕಾಲು ತೆಗೆಯಲ್ಲ. ಮೂವತ್ತು ವರ್ಷ ಮೂಳೆ ವಾರ್ಡಲ್ಲಿ ನರ್ಸಾಗಿದ್ದವರ ಮುಂದೆ ನನ್ನದೇನು ನಡೆಯುತ್ತೆ! ಹೇಳಿದ್ನಲ್ಲ, ಉಳುಕಿದ್ದು ಫ್ಯಾಕ್ಟರಿ ಮೆಟ್ಟಿಲಲ್ಲಿ. ಇನ್ನೊಂದು ಮೆಟ್ಟಿಲಿದೆ ಅಂದ್ಕೊಂಡೆ, ಇರಲಿಲ್ಲ. ಅಷ್ಟೇ. ಅದು ಬಿಡಿ, ಇವತ್ತೇನಾಯ್ತು ಕೇಳಿ... ಪಾಸ್! ನನ್ನ ಗಾಲ್ಫ್ ಶೂ ಪಾಸಾಯ್ತು ಅತ್ತೆ!

ಯಾಕೆ ನಗ್ತೀರಿ? ಶೂ ಮಾಡೋನೇ ಕುಂಟಿಕೊಂಡು ಬಂದ ಅಂತಾನಾ? ನಗಿ, ನಗಿ. ನಾನೂ ಬಸ್ಸಲ್ಲಿ ಒಬ್ಬನೇ ನಗ್ತಾ ಬಂದೆ. ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದ್ರು!

ಹನ್ನೊಂದು ತಿಂಗಳು! ನಿಮ್ಮ ಮಗಳಿಗಂತೂ ಸಾಕುಸಾಕಾಗಿತ್ತು. ನಿದ್ದೇಲೂ ಶೂ ತಳದ್ದೇ ಚಿಂತೆ, 'ಅಟ್ಟೆ, ಅಟ್ಟೆ' ಅಂತ ಕನವರಿಸ್ತಿದ್ನಂತೆ. ಇವಳು 'ಅತ್ತೆ' ಅಂತ ಕೇಳಿಸ್ಕೊಂಡು ನಿಮಗೆ ಫೋನ್ ಮಾಡಿದ್ಲಲ್ಲ, ಅಮ್ಮಾ, ಇವರು ನಿನ್ನನ್ನೇ ನೆನಸ್ಕೋತಿದ್ದಾರೆ ಅಂತ!

ಕಷ್ಟ ಏನು ಗೊತ್ತಾ? ಆ ಆಟದಲ್ಲಿ ನಾಲ್ಕು ಗಂಟೆ ನಡೀಬೇಕು. ಅದಕ್ಕೆ ಶೂ ಮೆತ್ತಗಿರಬೇಕು, ಬೆರಳ ಹತ್ತಿರ ಸಲೀಸಾಗಿ ಬಗ್ಗಬೇಕು. ಆದ್ರೆ ಕೋಲು ಬೀಸೋವಾಗ ಇಡೀ ಮೈ ತಿರುಗಿ ಭಾರವೆಲ್ಲ ಎಡಗಾಲ ಮೇಲೆ ಬೀಳುತ್ತೆ ನೋಡಿ, ಆಗ ಅದೇ ಶೂ ಅಲ್ಲಾಡಬಾರದು! ಬಗ್ಗಲೂಬೇಕು, ಬಗ್ಗಲೂಬಾರದು... ಅಳಿಯನ ಹಾಗೆ! ಅಲ್ವಾ? ನೀವು ಮನಸ್ಸಲ್ಲಿ ಅದನ್ನೇ ಅಂದ್ಕೊಂಡ್ರಿ, ಮುಖ ನೋಡಿದ್ರೇ ಗೊತ್ತಾಗುತ್ತೆ!

ಅಟ್ಟೆ ಒಳಗೆ, ಪಾದದ ನಡುವೆ, ಒಂದು ಗಟ್ಟಿ ಪಟ್ಟಿ ಇರುತ್ತೆ. ಅದನ್ನ ಕೆತ್ತಿ ಕೆತ್ತಿ ತೆಳ್ಳಗೆ ಮಾಡಿದೆ. ಇವತ್ತು ಮಾಲೀಕರು ಶೂ ಕೈಗೆತ್ತಿಕೊಂಡು ಹೀಗೆ ಮಡಚಿದ್ರೆ ಶೂ ತುದಿ ಹೋಗಿ ಹಿಮ್ಮಡಿಗೆ ತಾಗಿತು! 'ಏನ್ರೀ ಇದು, ಬೆಣ್ಣೆ!' ಅಂದ್ರು. ಹೊಲಿಗೆ ವಿಭಾಗದ ಹೆಂಗಸರೆಲ್ಲ ಚಪ್ಪಾಳೆ! ನಾನಂತೂ ನೆಲದ ಮೇಲೇ ಇರಲಿಲ್ಲ. ಅಲ್ಲೇ ಸಹಿ ಬಿತ್ತು. ಸಂಜೆ ಆರಕ್ಕೆ ಅಟ್ಟೆ ಅಚ್ಚಿನ ಎರಕ ಹೊಯ್ತಾರೆ, ಒಮ್ಮೆ ಹೊಯ್ದರೆ ಬದಲಾಯಿಸೋ ಹಾಗಿಲ್ಲ. ಆಮೇಲೆ ಸಾವಿರ ಸಾವಿರ ಜೋಡಿ ಅತ್ತೆ!

ಚೀಲದಲ್ಲಿದೆ, ತೆಗೆದು ನೋಡಿ. ಅಯ್ಯೋ, ಎಡಗಾಲಿಂದೇ ಯಾಕೆ? ಬಲಗಾಲಿಂದು ನೋಡಿ, ಅದರ ಹೊಲಿಗೆ ಚೆನ್ನಾಗಿ ಬಂದಿದೆ... ಸರಿ, ಯಾವುದಾದ್ರೇನು. ಹ್ಞಾಂ, ಹಾಗೇ ಮಡಚಿ! ನೋಡಿದ್ರಾ, ನೋಡಿದ್ರಾ!

ಹಾಗಲ್ಲ ಅತ್ತೆ! ಒದ್ದೆ ಬಟ್ಟೆ ಹಿಂಡೋ ಹಾಗೆ ಯಾಕೆ ಹಿಂಡ್ತೀರಿ? ಶೂನ ಯಾರಾದ್ರೂ ಹಿಂಡ್ತಾರಾ! ಮಾಲೀಕರು ಹಿಂಡಲಿಲ್ಲ, ಯಾರೂ ಹಿಂಡಲಿಲ್ಲ...

ಹೂಂ. ತಿರುಚಿಕೊಳ್ಳುತ್ತೆ. ಸ್ವಲ್ಪ.

ಒಂದ್ಸಲ ಶೂ, ಒಂದ್ಸಲ ನನ್ನ ಕಾಲು, ಹಾಗೆ ನೋಡ್ಬೇಡಿ. ಮೆಟ್ಟಿಲು ಅಂದ್ನಲ್ಲ! ಯಾಕೆ, ಮೆಟ್ಟಿಲಲ್ಲಿ ಕಾಲು ಉಳುಕಬಾರದಾ?

...ಅತ್ತೆ.

ಮೆಟ್ಟಿಲಲ್ಲ. ಬೆಳಿಗ್ಗೆ ಫ್ಯಾಕ್ಟರಿ ಹಿಂದೆ, ಹುಲ್ಲಿನ ಇಳಿಜಾರಲ್ಲಿ, ಇದನ್ನೇ ಹಾಕ್ಕೊಂಡು ಕೋಲು ಬೀಸಿದೆ. ಎರಡು ಸಲ ಸೊಗಸಾಗಿತ್ತು. ಮೂರನೇ ಸಲ, ಪಟ್ಟಿ ತೆಳ್ಳಗಾಗಿದ್ದಕ್ಕೆ, ಅಟ್ಟೆ ತಿರುಚಿಕೊಂಡು ಹಿಮ್ಮಡಿ ಹೊರಗೆ ವಾಲಿತು, ಬಿದ್ದೆ. ಯಾರೂ ನೋಡಲಿಲ್ಲ. ಹುಲ್ಲು ಒರೆಸಿ ಡಬ್ಬಿಗೆ ಹಾಕಿದೆ. ಕುಂಟೋದು ಕಾಣಬಾರದು ಅಂತ ಮೀಟಿಂಗಿನ ಉದ್ದಕ್ಕೂ ಮೇಜಿಗೆ ಒರಗಿ ನಿಂತಿದ್ದೆ. ಮಡಚಿ ನೋಡಿ ಅಂತ ಕೊಟ್ಟೆ. ಹಿಂಡಿ ತೋರಿಸಲಿಲ್ಲ. ಅಷ್ಟೂ ಜನ ಚಪ್ಪಾಳೆ ತಟ್ತಿದ್ರು ಅತ್ತೆ... ಆ ಖುಷಿ ಸುಳ್ಳಲ್ಲ, ನಿಮ್ಮಾಣೆ.

ಇದನ್ನ ಕೊಳ್ಳೋರು ಅರವತ್ತು, ಎಪ್ಪತ್ತು ದಾಟಿದವರೇ ಹೆಚ್ಚು. ಅವರು ಬಿದ್ರೆ ಕಾಲು ಉಳುಕೋದಲ್ಲ... ಸೊಂಟ. ನಿಮಗೆ ನಾನು ಹೇಳಬೇಕಾ.

ಗಂಟೆ ಎಷ್ಟಾಯ್ತು? ಐದೂ ನಲವತ್ತಾ!

ಫೋನ್ ಕೊಡಿ. ಕೊಡಿ ಅತ್ತೆ, ಬೇಗ! ಹೂಂ, ಕಾಲು ನೀರಲ್ಲೇ ಇದೆ, ಕಣ್ಣು ಬಿಡ್ಬೇಡಿ!

ಹಲೋ, ಸರ್? ಎರಕ ಹೊಯ್ಯಬೇಡಿ, ನಿಲ್ಲಿಸೋಕೆ ಹೇಳಿ. ಆ ಶೂ ನನ್ನನ್ನೇ ಬೀಳಿಸ್ತು ಸರ್. ಅಲ್ಲ, ಈಗಲ್ಲ, ಬೆಳಿಗ್ಗೆ... ಹೌದು ಸರ್. ನೀವು ಸಹಿ ಹಾಕೋವಾಗ ನನಗೆ ಗೊತ್ತಿತ್ತು.