ಹಳದಿ ಗೆರೆಯ ಮರ

ರಾಷ್ಟ್ರೀಯ ಹೆದ್ದಾರಿ ಮುಗಿದು ರಾಜ್ಯದ ರಸ್ತೆ ಶುರುವಾಗುವ ಹಳದಿ ಗೆರೆಯ ಬಳಿ ಮರ ಅಡ್ಡ ಬಿದ್ದು, ಹೆರಿಗೆ ಮಾಡಿಸಲು ಹೊರಟಿದ್ದ ನರ್ಸಮ್ಮನ ಬಸ್ಸು ನಿಂತುಬಿಟ್ಟಿತು. ಕಿಟಕಿಯ ಕೆಳಗೆ ಅಣ್ಣತಮ್ಮಂದಿರಿಬ್ಬರು ಗರಗಸ ಹಿಡಿದು ನಿಂತಿದ್ದರು. ಅಣ್ಣ ಕೇಂದ್ರದ ಹೆದ್ದಾರಿಯ ನೌಕರ, ತಮ್ಮನದು ರಾಜ್ಯದ ರಸ್ತೆಯ ಕೆಲಸ.

"ನಮ್ಮ ಕಡೆ ಬಿದ್ದ ಕೊಂಬೆಯೆಲ್ಲಾ ಕಡಿದಾಯ್ತಣ್ಣ. ಬೊಡ್ಡೆ ನಿಮ್ದು."

"ನಂಗಿನ್ನೂ ಮೇಲಿಂದ ಅಪ್ಪಣೆ ಬಂದಿಲ್ವಲ್ಲೋ."

"ನಾನೇ ಕೊಯ್ದುಬಿಡ್ಲಾ?"

"ಸುಮ್ನಿರೋ. ಕೇಂದ್ರದ ಬೊಡ್ಡೆಗೆ ರಾಜ್ಯದ ಗರಗಸ ತಾಗಿದ್ರೆ ಇಬ್ರ ಕೆಲಸಾನೂ ಹೋಗುತ್ತೆ."

ನರ್ಸಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. "ಅಲ್ಲಿ ಆಸ್ಪತ್ರೇಲಿ ಬಸುರಿ ನೋವು ತಿಂತಿದಾಳೆ ಕಣ್ರಪ್ಪಾ!"

ಇಬ್ಬರೂ ಯೋಚಿಸಿದರು.

"ಆಸ್ಪತ್ರೆ ನಿಮ್ದಲ್ವೇನೋ?"

"ಹೂಂ, ಆಸ್ಪತ್ರೆ ನಮ್ದೇ. ಹುಟ್ಟೋ ಮಗು?"

"ದೇಶದ ಪ್ರಜೆ ಅಂದ್ಮೇಲೆ ಕೇಂದ್ರದ್ದು."

"ಮತ್ತೆ ತೆರಿಗೆ?"

"ಅದನ್ನ ಇಬ್ರಿಗೂ ಕಟ್ಟುತ್ತೆ ಬಿಡು."

ಆ ಮಾತಿಗೆ ಮಾತ್ರ ತಮ್ಮನ ತಕರಾರಿರಲಿಲ್ಲ.

ನರ್ಸಮ್ಮ ಚೀಲ ಹೆಗಲಿಗೇರಿಸಿ ಬಸ್ಸಿನಿಂದ ಇಳಿದೇಬಿಟ್ಟಳು. ಬೊಡ್ಡೆ ಹತ್ತಲು ಅಣ್ಣ ಭಕ್ತಿಯಿಂದ ಕೈ ನೀಡಿದ. ಆಚೆ ಇಳಿಯುವಾಗ ಗೆರೆ ಬಂತು. ಅಣ್ಣ ಕೈ ಬಿಟ್ಟ, ತಮ್ಮ ಹಿಡಿದ.